ಕಡವೆಯ ಹಿಂಗಾಲು

ಗೋವಾದ ಮೊಲೆಂ ಹತ್ತಿರ ಹೆದ್ದಾರಿಯ ಪಕ್ಕ ಹೆಣ್ಣು ಕಡವೆಯೊಂದು ಸತ್ತು ಬಿದ್ದಿದೆ ಎಂದು ನಸುಕಿನಲ್ಲಿ ಫೋನ್ ಬಂತು. ಮರಣೋತ್ತರ ಪರೀಕ್ಷೆಗೆ ನಾನು ಹೋಗುವಷ್ಟರಲ್ಲಿ ಪಂಚನಾಮೆಯಲ್ಲಿ 'ವಾಹನ ಡಿಕ್ಕಿ' ಎಂದು ಬರೆದಾಗಿತ್ತು. ಸುಳ್ಳೇನಲ್ಲ. ಪಕ್ಕೆಲುಬು ಮುರಿದು ಎದೆಗೂಡಿನ ತುಂಬ ರಕ್ತ. ಆದರೆ ಹಿಂಗಾಲು ಎತ್ತಿ ನೋಡಿದರೆ, ಗೊರಸಿನ ಮೇಲ್ಗಡೆ ಬಳೆ ತೊಡಿಸಿದ ಹಾಗೆ ಸುತ್ತಲೂ ಕೂದಲು ಉದುರಿ ಚರ್ಮ ಸೀಳಿತ್ತು. ಕೀವಿನೊಳಗೆ ಬೈಕಿನ ಕ್ಲಚ್ ವೈರಿನ ಎರಡು ಎಳೆ. ಪಕ್ಕೆಯ ಪೆಟ್ಟು ಆ ರಾತ್ರಿಯದು, ಕಾಲಿನ ಗಾಯ ನಾಲ್ಕೈದು ದಿನದ್ದು. ಉರುಳು ಕಿತ್ತುಕೊಂಡ ಪ್ರಾಣಿ ಕುಂಟುತ್ತಲೇ ಡಾಂಬರು ಹತ್ತಿತ್ತು.

1972ರ ವನ್ಯಜೀವಿ ಕಾಯ್ದೆಯಡಿ ಜಿಂಕೆ ಬೇಟೆ ಅಪರಾಧ. ಸಿಕ್ಕಿಬಿದ್ದವರೆಲ್ಲ 'ಹಂದಿಗೆ ಇಟ್ಟಿದ್ದೆ' ಅನ್ನುತ್ತಾರೆ. ಇರಬಹುದು, ಆದರೆ ಉರುಳಿಗೆ ಕಾಲು ಯಾರದೆಂದು ಗೊತ್ತಾಗುವುದಿಲ್ಲ.

ರಸ್ತೆ ಒಂದು ಸಮಸ್ಯೆ, ಉರುಳು ಇನ್ನೊಂದು ಎಂದು ನಾನೂ ಬಹಳ ವರ್ಷ ನಂಬಿದ್ದೆ. ಅನಮೋಡ ಘಾಟಿನಲ್ಲಿ ಬೆಳಗಾವಿ–ಪಣಜಿ ಹೆದ್ದಾರಿಯನ್ನೇ ನೋಡಿ. ಒಂದು ಕಡೆ ಗುಡ್ಡ ಕಡಿದ ಗೋಡೆ, ಇನ್ನೊಂದು ಕಡೆ ಕಣಿವೆ, ಅಂಚಿಗೆ ಕಬ್ಬಿಣದ ತಡೆ. ನೀರಿಗೆ ಇಳಿಯುವ ಜಿಂಕೆ ಎಲ್ಲೆಂದರಲ್ಲಿ ದಾಟಲಾಗದು. ಹಳ್ಳ ರಸ್ತೆಯನ್ನು ಸೀಳುವ ಕಡೆಗೇ ಬರಬೇಕು, ಮೋರಿಯ ಬಾಯಿಗೇ ಬರಬೇಕು. ಬೇಸಿಗೆಯಲ್ಲಿ ಅಲ್ಲಿನ ಮರಳಿನ ಮೇಲೆ ಕಾಡುಕುರಿಯ ಪುಟ್ಟ ಗೊರಸು, ಹಂದಿಯದು, ಪುನುಗಿನದು ಒಂದರ ಮೇಲೊಂದು ಬಿದ್ದಿರುತ್ತವೆ. ಅಷ್ಟು ದೊಡ್ಡ ಕಾಡಿನಲ್ಲಿ ಪ್ರಾಣಿಯ ದಾರಿ ಹುಡುಕುವುದು ಬೇಟೆಗಾರನಿಗೆ ದಿನಗಟ್ಟಲೆಯ ಕೆಲಸ. ಹೆದ್ದಾರಿ ಅದನ್ನು ಪುಕ್ಕಟೆ ಮಾಡಿಕೊಟ್ಟಿದೆ. ಮಳೆಗಾಲದಲ್ಲಿ ಮೋರಿ ತುಂಬಿ ಹರಿಯುವಾಗ ಅವೇ ಪ್ರಾಣಿಗಳು ಮೇಲೆ, ಚಕ್ರದಡಿಗೆ.

'ಈಚೆಗೆ ಸಾಯೋದು ಕಡಿಮೆಯಾಗಿದೆ ಡಾಕ್ಟ್ರೇ' ಎಂದು ಯಾರಾದರೂ ಹೇಳಿದರೆ ನನಗೆ ಸಮಾಧಾನಕ್ಕಿಂತ ಅನುಮಾನವೇ ಹೆಚ್ಚು. ವಾಹನ ವಿರಳವಾಗಿದ್ದರೆ ಜಿಂಕೆ ನಡುವೆ ಸಂದು ನೋಡಿ ದಾಟುತ್ತದೆ. ಒಂದಷ್ಟು ಹೆಚ್ಚಾದಾಗ ಸಾವು ಏರುತ್ತದೆ. ಸಾಲು ಕಡಿಯದಷ್ಟು ಹೆಚ್ಚಾದರೆ ದಾಟುವುದನ್ನೇ ಬಿಟ್ಟುಬಿಡುತ್ತದೆ. ಆಗ ಹೆಣ ಬೀಳುವುದಿಲ್ಲ, ಆದರೆ ಆಚೆಯ ನೀರು, ಆಚೆಯ ಜೋಡಿ ಎರಡೂ ತಪ್ಪಿಹೋಗುತ್ತವೆ.

ಎಲ್ಲ ಜಿಂಕೆಯೂ ಒಂದೇ ಥರ ಅಲ್ಲ. ಚುಕ್ಕೆ ಜಿಂಕೆ ರಸ್ತೆಯಂಚಿನ ಎಳೆ ಹುಲ್ಲಿಗೆ ಬರುತ್ತದೆ, ಓಡುವ ಲಾರಿಗೆ ತಲೆಯನ್ನೂ ಎತ್ತುವುದಿಲ್ಲ. ಜೀಪು ನಿಂತು ಬಾಗಿಲು ತೆರೆದ ಸದ್ದಾಯಿತೋ, ಬಾಲ ಎತ್ತಿ ಮಾಯ. ಬೇಟೆಯ ಭಯ ಇರುವ ಕಡೆ ಇದು ಇನ್ನೂ ಚುರುಕು. ಕಡವೆ ಮಾತ್ರ ಹಗಲೆಲ್ಲ ದೂರ ಅಡಗಿದ್ದು ಅಪರಾತ್ರಿಯಲ್ಲಿ ಇಳಿಯುತ್ತದೆ. ಬೆಳಗಾವಿಯ ತರಕಾರಿ ಗಾಡಿಗಳು ಗೋವಾದ ಬೆಳಗಿನ ಮಾರುಕಟ್ಟೆಗೆ ಓಡುವುದೂ ಅದೇ ಹೊತ್ತಿಗೆ.

ಖಾನಾಪುರದ ಚಾಲಕರೊಬ್ಬರು ಹೇಳಿದ್ದರು: 'ಲೈಟ್ ಬಿತ್ತಂದ್ರ ಹಂಗ ನಿಂತಬಿಡ್ತಾವ್ರಿ, ಹಾರ್ನ್ ಹೊಡದ್ರೂ ಸರಿಯಂಗಿಲ್ಲ.' ಅದು ಮೊಂಡುತನವಲ್ಲ. ಕತ್ತಲಿಗೆ ಅರಳಿದ ಕಣ್ಣಿಗೆ ಹೈಬೀಮ್ ಬಿದ್ದರೆ ಅದಕ್ಕೆ ಏನೂ ಕಾಣುವುದಿಲ್ಲ. ಲೈಟು ಇಳಿಸಿ, ವೇಗ ಇಳಿಸಿ. ಗಂಟೆಗೆ 80 ಕಿ.ಮೀ. ಎಂದರೆ ಸೆಕೆಂಡಿಗೆ 22 ಮೀಟರ್, ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ ಕಡವೆ ಬಾನೆಟ್ಟಿನ ಮುಂದೆ. ಒಂದು ದಾಟಿತೆಂದು ಗಾಡಿ ಎಳೆಯಬೇಡಿ, ಹಿಂದೆ ಮರಿ ಇರಬಹುದು.

ಮಹಾರಾಷ್ಟ್ರದ ಪೆಂಚ್ ಬಳಿ ರಾಷ್ಟ್ರೀಯ ಹೆದ್ದಾರಿ 44ನ್ನು ಪ್ರಾಣಿಗಳಿಗಾಗಿ 9 ಕಡೆ ಎತ್ತರಿಸಿದ್ದಾರೆ. ಅದರಲ್ಲೊಂದು 750 ಮೀಟರ್ ಉದ್ದ, ಚುಕ್ಕೆ ಜಿಂಕೆಗಳು ಅವುಗಳ ಕೆಳಗೇ ದಾಟುತ್ತವೆ. ಆಚೆಯ ಬೆಳಕು ಕಾಣದ ಇಕ್ಕಟ್ಟು ಮೋರಿಗೆ ಹಿಂಡು ಇಳಿಯುವುದಿಲ್ಲ. ಅಗಲ ಇದ್ದರೆ ಉರುಳು ಹಾಕುವವನಿಗೂ ಕಷ್ಟ, ಯಾವ ಹೆಜ್ಜೆಗೆಂದು ಹಾಕಿಯಾನು?

ಆ ದಿನ ವೈರಿನ ಎಳೆಗಳನ್ನು ಲಕೋಟೆಗೆ ಹಾಕಿ, ವರದಿ ಬರೆಯುವ ಮೊದಲು ಗಾರ್ಡ್ ಜೊತೆ ಕೆಳಗಿನ ಮೋರಿಗೆ ಇಳಿದೆ. ಮತ್ತೆ ಮೂರು ಉರುಳು ಸಿಕ್ಕವು. ಒಂದಕ್ಕೆ ಕಟ್ಟಿದ್ದ ಗೂಟದ ಸಿಪ್ಪೆ ಇನ್ನೂ ಹಸಿಯಾಗಿತ್ತು.