ಸೂಜಿ ತುದಿಯ ಉಪ್ಪಿನ ಆಗರ

ಗೋಕರ್ಣದ ಹತ್ತಿರ ಸಾಣಿಕಟ್ಟಾದ ಉಪ್ಪಿನ ಆಗರ ನೋಡಿದ್ದೀರಾ? ಅಘನಾಶಿನಿ ಅಳಿವೆಯ ಉಪ್ಪುನೀರು ಬಿಸಿಲಿಗೆ ಒಣಗುತ್ತದೆ. ನೀರು ಹೋಗಿ ಉಪ್ಪು ಉಳಿಯುತ್ತದೆ. ಒಂದು ಹರಳನ್ನು ಅಂಗೈ ಮೇಲಿಟ್ಟು ನೋಡಿ. ಎಷ್ಟು ಸಣ್ಣದಿದ್ದರೂ ಚೌಕಾಕಾರವೇ ಅಲ್ವಾ? ಈ ಚೌಕ ಎಲ್ಲಿಂದ ಶುರುವಾಗುತ್ತದೆ ಅನ್ನೋದನ್ನು ಎಲೆಕ್ಟ್ರೋಸ್ಪ್ರೇ, ಅಂದರೆ ವಿದ್ಯುತ್ ಕೊಟ್ಟು ದ್ರಾವಣ ಸಿಂಪಡಿಸುವ ವಿಧಾನ, ತುಂಬಾ ಚೆನ್ನಾಗಿ ತೋರಿಸಿಕೊಡುತ್ತದೆ.

ಮಾಸ್ ಸ್ಪೆಕ್ಟ್ರೋಮೀಟರ್ ಅಣುಗಳ ತೂಕ ನೋಡುವ ಯಂತ್ರ. ಅಣು ಚಾರ್ಜ್ (ವಿದ್ಯುದಾವೇಶ) ಹೊತ್ತು, ದ್ರವದಿಂದ ಹೊರಗೆ ಬಂದರೆ ಮಾತ್ರ ಅದಕ್ಕೆ ತೂಗಲು ಸಾಧ್ಯ. ಅದಕ್ಕಾಗಿ ದ್ರಾವಣವನ್ನು ಸಪೂರ ಸೂಜಿಯಲ್ಲಿ ಹರಿಸಿ, ಕೆಲವು ಸಾವಿರ ವೋಲ್ಟ್ ಕೊಡುತ್ತಾರೆ. ತುದಿಯಲ್ಲಿ ದ್ರವ ಚೂಪಾಗಿ, ಮಂಜಿನಂಥ ಹನಿಗಳಾಗಿ ಸಿಡಿಯುತ್ತದೆ. ಇದೇ ಎಲೆಕ್ಟ್ರೋಸ್ಪ್ರೇ. ದೊಡ್ಡ ಪ್ರೋಟೀನುಗಳನ್ನು ಒಡೆಯದೆ ಹೀಗೆ ತೂಗಿ ತೋರಿಸಿದ ಜಾನ್ ಫೆನ್ 2002ರ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡರು.

ಹನಿಯ ನೀರು ಆರುತ್ತದೆ, ಚಾರ್ಜ್ ಆರುವುದಿಲ್ಲ. ಜಾಗ ಕಡಿಮೆಯಾದಂತೆ ಪಾಸಿಟಿವ್ ಚಾರ್ಜ್‌ಗಳು ಒಂದನ್ನೊಂದು ಜಾಸ್ತಿ ಜಾಸ್ತಿ ನೂಕುತ್ತವೆ. ಹನಿ ಎಷ್ಟು ಚಾರ್ಜ್ ತಡೆದುಕೊಳ್ಳಬಲ್ಲದು ಎಂದು ಭೌತವಿಜ್ಞಾನಿ ಲಾರ್ಡ್ ರೇಲೀ 1882ರಲ್ಲೇ ಲೆಕ್ಕ ಹಾಕಿದ್ದರು. ಅದು ಮೀರಿತೋ, ಹನಿ ಮರಿಹನಿಗಳನ್ನು ಚಿಮ್ಮುತ್ತದೆ. ಮರಿಹನಿಗಳೂ ಆರುತ್ತವೆ, ಮತ್ತೆ ಸಿಡಿಯುತ್ತವೆ. ಕೊನೆಗೆ ನ್ಯಾನೋಮೀಟರ್ ಲೆಕ್ಕದ ಹನಿ. ಅದರ ನೀರೂ ಹೋದಾಗ ಒಳಗಿದ್ದ ಉಪ್ಪು ಗುಂಪುಕಟ್ಟುತ್ತದೆ, ಉಳಿದ ಚಾರ್ಜನ್ನು ಹೊತ್ತುಕೊಂಡು. ಇದೂ ಆಗರವೇ.

ಅಡುಗೆ ಉಪ್ಪಿನ ನೀರನ್ನೇ ಸಿಂಪಡಿಸಿದರೆ ಯಂತ್ರದ ಪರದೆಯ ಮೇಲೆ ಸಾಲು ಗೆರೆಗಳು ಮೂಡುತ್ತವೆ, ಒಂದೊಂದು ಗುಂಪಿನ ತೂಕಕ್ಕೆ ಒಂದೊಂದು ಗೆರೆ. ಪ್ರತಿ ಗೆರೆಗೂ ಮುಂದಿನದಕ್ಕೂ ಒಂದು ಸೋಡಿಯಂ, ಒಂದು ಕ್ಲೋರೈಡ್ ವ್ಯತ್ಯಾಸ. ಆದರೆ 14 ಸೋಡಿಯಂ, 13 ಕ್ಲೋರೈಡ್ ಇರುವ ಗೆರೆ ಅಕ್ಕಪಕ್ಕದವಕ್ಕಿಂತ ಎದ್ದು ನಿಲ್ಲುತ್ತದೆ. ಯಾಕೆ? ಉದ್ದ, ಅಗಲ, ಎತ್ತರ ಮೂರು ಮೂರರಂತೆ ಜೋಡಿಸಿ ನೋಡಿ. 8 ಮೂಲೆಗಳಲ್ಲಿ, 6 ಮುಖಗಳ ನಡುವೆ ಸೋಡಿಯಂ. 12 ಅಂಚುಗಳ ನಡುವೆ, ಮತ್ತೆ ಹೊಟ್ಟೆಯೊಳಗೊಂದು ಕ್ಲೋರೈಡ್. ಒಟ್ಟು 27. ಎಲ್ಲೂ ಸಂದಿಲ್ಲ, ಏನೂ ಹೊರಗೆ ಚಾಚಿಲ್ಲ. ಹಾಗಾಗಿ ಸುಲಭಕ್ಕೆ ಒಡೆಯುವುದಿಲ್ಲ. ಹೆಚ್ಚಿರುವ ಒಂದು ಸೋಡಿಯಂನಿಂದಲೇ ಅದಕ್ಕೆ ಚಾರ್ಜ್. ಬರೀ 27 ಅಯಾನುಗಳಲ್ಲೇ (ಚಾರ್ಜ್ ಹೊತ್ತ ಕಣಗಳಲ್ಲೇ) ಉಪ್ಪಿನ ಹರಳಿನ ಆಕಾರ ಪೂರ್ತಿ ಬಂದುಬಿಟ್ಟಿದೆ! ನನಗಂತೂ ಈ ಲೆಕ್ಕ ಎಷ್ಟು ಸಲ ಹಾಕಿದರೂ ಖುಷಿಯೇ.

ಪ್ರೋಟೀನ್ ತೂಗುವವರಿಗೆ ಮಾತ್ರ ಉಪ್ಪು ತಲೆನೋವು. ಅದರ ಗೆರೆಗಳ ನಡುವೆ ಬೇಕಾದದ್ದು ಮುಚ್ಚಿಹೋಗುತ್ತದೆ, ಹಾಗಾಗಿ ಮೊದಲೇ ಉಪ್ಪು ತೆಗೆಯುತ್ತಾರೆ. ಆದರೆ ಯಂತ್ರವನ್ನು ಸರಿಹೊಂದಿಸುವಾಗ ಸೋಡಿಯಂ ಅಯೋಡೈಡ್ ಎಂಬ ಇನ್ನೊಂದು ಉಪ್ಪನ್ನು ಬೇಕೆಂದೇ ಸಿಂಪಡಿಸುತ್ತಾರೆ. ಅದರ ಒಂದೊಂದು ಗುಂಪಿನ ತೂಕವೂ ಖಚಿತವಾಗಿ ಗೊತ್ತು. ಅಂಗಡಿಯ ತಕ್ಕಡಿಯನ್ನು ಮುದ್ರೆಯೊತ್ತಿದ ತೂಕದ ಕಲ್ಲು ಇಟ್ಟು ನೋಡುವ ಹಾಗೆ.