ರಿಪೀಟರ್ ಟಿಪ್ಪಣಿ: ಎಲ್ರೂ ನಂಗೆ ಕೇಳಿಸ್ತಾರೆ, ನಾನು ಯಾರಿಗೂ ಕೇಳಿಸಲ್ಲ ಯಾಕೆ?

ಹ್ಯಾಮ್ ರೇಡಿಯೋದ (ಹವ್ಯಾಸಿ ರೇಡಿಯೋ) ರೆಸ್ಟ್ರಿಕ್ಟೆಡ್ ಗ್ರೇಡ್ ಪರೀಕ್ಷೆ ಪಾಸಾಗಿ ವಿಯು3 ಅಂತ ಶುರುವಾಗೋ ಕಾಲ್‌ಸೈನ್, ಅಂದ್ರೆ ರೇಡಿಯೋದಲ್ಲಿ ನನ್ನ ಗುರುತಿನ ಹೆಸರು, ಬಂದ ಮೇಲೆ ಎಂಟು ದಿನ ನಾನು ರಿಪೀಟರ್‌ನಲ್ಲಿ (ನಮ್ಮ ಮಾತನ್ನ ದೂರಕ್ಕೆ ದಾಟಿಸೋ ಸ್ಟೇಷನ್) ಒಬ್ರ ಹತ್ರನೂ ಮಾತಾಡೋಕಾಗ್ಲಿಲ್ಲ. ಬೆಳಗ್ಗೆ ನೆಟ್ (ಎಲ್ರೂ ಒಂದೇ ಹೊತ್ತಿಗೆ ರೇಡಿಯೋದಲ್ಲಿ ಸೇರೋದು) ನಡೀವಾಗ ಎಲ್ಲರ ಮಾತೂ ಸ್ಪಷ್ಟವಾಗಿ ಕೇಳ್ತಿತ್ತು, ನಾನು ಪಿಟಿಟಿ (ಮಾತಾಡೋಕೆ ಒತ್ತೋ ಬಟನ್) ಒತ್ತಿ ಕರೆದ್ರೆ ಮಾತ್ರ ನಂಗೆ ಉತ್ತರನೇ ಇಲ್ಲ. ಈಗ ಸರಿ ಹೋಗಿದೆ, ಮರೆಯೋ ಮುಂಚೆ ಬರೆದಿಡ್ತಿದೀನಿ, ನಿಮ್ಗೂ ಹೀಗೇ ಆಗ್ತಿದ್ರೆ ಓದಿ.

ನಿಮ್ಮೂರಿನ ರಿಪೀಟರ್ ಫ್ರೀಕ್ವೆನ್ಸಿ, ಟೋನ್ (ಅದೇನು ಅಂತ ಕೆಳಗೆ ಹೇಳ್ತೀನಿ) ಎರಡನ್ನೂ ಲೋಕಲ್ ಕ್ಲಬ್‌ನವ್ರನ್ನ ಕೇಳಿ ತಗೊಳ್ಳಿ (ಬೆಂಗಳೂರಲ್ಲಿ 1959ರಿಂದ ಬೆಂಗಳೂರು ಅಮೆಚೂರ್ ರೇಡಿಯೋ ಕ್ಲಬ್ ಇದೆ). ನಾನಿಲ್ಲಿ 145.700 ಮೆಗಾಹರ್ಟ್ಸ್ ಅಂತ ಉದಾಹರಣೆಗೆ ಇಟ್ಕೊಂಡಿದೀನಿ.

ಕಿವಿ ಬೇರೆ, ಬಾಯಿ ಬೇರೆ

ರಿಪೀಟರ್ ಅಂದ್ರೆ ಎತ್ತರದ ಜಾಗದಲ್ಲಿ ಕೂತು ನಮ್ಮ ಐದು ವ್ಯಾಟ್‌ನ ಸಣ್ಣ ಸೆಟ್ ಹೇಳಿದ್ದನ್ನ ಆ ಕ್ಷಣಕ್ಕೇ ಜೋರಾಗಿ ತಿರುಗಿ ಹೇಳೋ ಸ್ಟೇಷನ್. ಕೇಳೋದು ಹೇಳೋದು ಎರಡೂ ಒಟ್ಟಿಗೆ ನಡೀಬೇಕಲ್ಲ, ಒಂದೇ ಫ್ರೀಕ್ವೆನ್ಸಿ ಇಟ್ರೆ ಅದರ ದನಿನೇ ಅದರ ಕಿವಿ ಮುಚ್ಚಿಬಿಡುತ್ತೆ. ಅದಕ್ಕೇ ಎರಡು ಇರುತ್ತೆ. ನಮ್ಮಲ್ಲಿ 2 ಮೀಟರ್ ಬ್ಯಾಂಡ್ 144ರಿಂದ 146 ಮೆಗಾಹರ್ಟ್ಸ್, ಅದ್ರಲ್ಲಿ ರೂಢಿಯಲ್ಲಿರೋ ಅಂತರ, ಅಂದ್ರೆ ಆಫ್‌ಸೆಟ್, ಮೈನಸ್ 600 ಕಿಲೋಹರ್ಟ್ಸ್.

ಈ ಮೈನಸ್ ಯಾರ ಕಡೆಯಿಂದ ಅನ್ನೋದೇ ನಂಗೆ ತಲೆಗೆ ಹೋಗ್ತಿರ್ಲಿಲ್ಲ. ಕ್ಲಬ್‌ನವ್ರು ಕೊಡೋ 145.700 ರಿಪೀಟರ್‌ನ ಬಾಯಿ, ಅಂದ್ರೆ ನಾವು ಕೇಳೋದು. ಅದ್ರಲ್ಲಿ 0.600 ಕಳೆದ್ರೆ 145.100, ಅದು ಅದರ ಕಿವಿ, ನಾವು ಮಾತಾಡೋದು ಅಲ್ಲಿಗೆ. ಸೆಟ್‌ನಲ್ಲಿ 145.700 ಅಂತಲೇ ಹಾಕ್ಬೇಕು, ಪಿಟಿಟಿ ಒತ್ತಿದಾಗ ಸೆಟ್ ತಾನೇ ಕೆಳಗಿಳಿಯುತ್ತೆ. ನನ್ನ ಹತ್ರ ಇರೋ ಥರ ಬಾವೋಫೆಂಗ್ ಯುವಿ-5ಆರ್ ಸೆಟ್ ಇದ್ರೆ ಮೆನು 25ರಲ್ಲಿ ಮೈನಸ್, ಮೆನು 26ರಲ್ಲಿ 000600. ಮುಂದಿನ ಸೊನ್ನೆಗಳನ್ನ ಬಿಡಬೇಡಿ.

ಟೋನ್: ನಾನು ಸಿಕ್ಕಾಕ್ಕೊಂಡಿದ್ದು ಇಲ್ಲಿ

ಆಫ್‌ಸೆಟ್ ಸರಿ ಮಾಡಿದ್ಮೇಲೂ ರಿಪೀಟರ್ ಏಳ್ಲಿಲ್ಲ. ಯಾಕಂದ್ರೆ ಸುಮಾರು ರಿಪೀಟರ್‌ಗಳು ಬರೀ ಸಿಗ್ನಲ್ ಬಂದ್ರೆ ಬಾಗಿಲು ತೆಗೆಯಲ್ಲ, ನಮ್ಮ ಮಾತಿನ ಅಡಿಯಲ್ಲಿ 88.5 ಹರ್ಟ್ಸ್ ಥರದ ಒಂದು ಸಣ್ಣ ಗುಂಯ್ ಸದ್ದೂ ಬರ್ತಿರ್ಬೇಕು. ಸಿಟಿಸಿಎಸ್ಎಸ್ ಅಂದ್ರೆ ಇದೇ. ಇದು ಗುಟ್ಟಿನ ಕೋಡ್ ಏನಲ್ಲ, ಸುಮ್ನೆ ಬರೋ ಗಲಾಟೆಗೆ ರಿಪೀಟರ್ ಎದ್ದು ಕೂರ್ಬಾರ್ದು ಅಂತ ಇಟ್ಟಿರೋದು.

ಮೆನುನಲ್ಲಿ ಇದು ಎರಡು ಕಡೆ ಇದೆ. 13 ಟಿ-ಸಿಟಿಸಿಎಸ್, ನಾವು ಕಳಿಸೋದು. 11 ಆರ್-ಸಿಟಿಸಿಎಸ್, ನಾವು ಕೇಳೋವಾಗ ಇರ್ಲೇಬೇಕು ಅಂತ ಹಟ ಹಿಡಿಯೋದು. ನಾನು ಟೋನನ್ನ 11ರಲ್ಲಿ ಹಾಕಿ 13 ಖಾಲಿ ಬಿಟ್ಟಿದ್ದೆ. ಈ ರಿಪೀಟರ್ ವಾಪಸ್ ಟೋನ್ ಕಳಿಸಲ್ಲ, ಹಾಗಾಗಿ ಅಲ್ಲಿವರೆಗೂ ಕೇಳ್ತಿದ್ದಿದ್ದೂ ನಿಂತೋಯ್ತು! ಸೆಟ್ಟೇ ಕೆಟ್ಟಿದೆ ಅಂದ್ಕೊಂಡು ಎರಡು ದಿನ ಕಳೆದೆ. ಮೊದಲು 13 ಮಾತ್ರ ಹಾಕಿ, 11 ಆಫ್ ಇರ್ಲಿ.

ಗೊತ್ತಾಗಿದ್ದು ಪಕ್ಕದ ಬಡಾವಣೆಯ ಹಿರಿಯ ಹ್ಯಾಮ್ ಒಬ್ರಿಂದ. ಫೋನಲ್ಲಿ "ಒಂದ್ಸಲ ಪಿಟಿಟಿ ಒತ್ತಿ ಮಾತಾಡಿ ನೋಡಣ" ಅಂದ್ರು, ತಾವು ತಮ್ಮ ಸೆಟ್‌ನ ರಿವರ್ಸ್ (ಕೇಳೋ, ಮಾತಾಡೋ ಫ್ರೀಕ್ವೆನ್ಸಿ ಅದಲು ಬದಲು ಮಾಡೋದು) ಒತ್ತಿ 145.100 ಕೇಳ್ತಾ ಕೂತ್ರು. "ನೀವು ನಂಗೆ ನೇರವಾಗಿ ಕೇಳಿಸ್ತಿದೀರಿ, ರಿಪೀಟರ್ ಮಾತ್ರ ಎತ್ತಿಲ್ಲ, ಟೋನ್ ನೋಡ್ಕೊಳ್ಳಿ" ಅಂದ್ರು. ನೋಡಿ, ಒಂದೇ ಏಟಿಗೆ ಫ್ರೀಕ್ವೆನ್ಸಿ ಸರಿ, ಸೆಟ್ ಸರಿ, ತಪ್ಪು ಇಲ್ಲೇ ಅಂತ ಬೆರಳಿಟ್ಟು ತೋರಿಸಿದ್ರು. ಆ ರಿವರ್ಸ್ ನಂಗೆ ಈಗ ತುಂಬಾ ಇಷ್ಟ. ಯುವಿ-5ಆರ್‌ನಲ್ಲಿ ಸ್ಟಾರ್ ಬಟನ್ನನ್ನ ಒಮ್ಮೆ ಒತ್ತಿ ಬಿಟ್ರೆ ಸಾಕು, 145.100 ಬಂದ್ರೆ ಆಫ್‌ಸೆಟ್ ಸರಿ ಇದೆ ಅಂತ ಲೆಕ್ಕ, ಏನೂ ಟ್ರಾನ್ಸ್‌ಮಿಟ್ ಮಾಡ್ದೇನೇ ಗೊತ್ತಾಗುತ್ತೆ. ಮೆಮೊರಿಗೆ ಸೇವ್ ಮಾಡೋದೂ ಹೀಗೇ, ಮೆನು 27ರಲ್ಲಿ ಒಂದ್ಸಲ, ಆಮೇಲೆ ಸ್ಟಾರ್ ಒತ್ತಿ ಅದೇ ಚಾನೆಲ್‌ಗೆ ಇನ್ನೊಂದ್ಸಲ.

ಮಾತಾಡೋವಾಗ

ಮೊದಲು ಕೇಳಿ. ಪಿಟಿಟಿ ಒತ್ತಿ ಒಂದು ಸೆಕೆಂಡ್ ಬಿಟ್ಟು ಬಾಯಿ ತೆಗೀರಿ, ಟೋನ್ ಗುರುತು ಹಿಡಿಯೋಕೆ ರಿಪೀಟರ್‌ಗೆ ಟೈಮ್ ಬೇಕು. ನಾನು ಆತುರದಲ್ಲಿ ಕಾಲ್‌ಸೈನ್ ಹೇಳಿ "ವಿಕ್ಟರ್" ಹಾರಿಹೋಗಿ "ಯೂನಿಫಾರ್ಮ್ ತ್ರೀ" ಇಂದ ಮಾತ್ರ ಹೋಗಿತ್ತು. ಬೇರೆಯವ್ರ ಮಾತು ಮುಗಿದ್ಮೇಲೂ ಸ್ವಲ್ಪ ಜಾಗ ಬಿಡಿ, ತುರ್ತು ಇರೋರು ನಡುವೆ ಬರ್ಲಿಕ್ಕೆ. ಉದ್ದುದ್ದ ಮಾತಾಡಿದ್ರೆ ರಿಪೀಟರ್‌ನ ಟೈಮರ್ ಕಟ್ ಮಾಡುತ್ತೆ.

ಸೆಟ್ಟನ್ನ ನೆಟ್ಟಗೆ ಹಿಡೀರಿ, ಮಲಗಿಸಿ ಹಿಡಿದ್ರೆ ಸಿಗ್ನಲ್ ಬೀಳುತ್ತೆ, ರಿಪೀಟರ್ ಆಂಟೆನಾನೂ ನೆಟ್ಟಗೇ ನಿಂತಿರೋದು. ನಮ್ಮನೆ ಹಾಲ್‌ನಲ್ಲಿ ಕರಕರ ಅಂತಿದ್ದ ನನ್ನ ದನಿ ತಾರಸಿಗೆ ಹೋಗಿ ನೀರಿನ ಟ್ಯಾಂಕ್‌ನಿಂದ ನಾಲ್ಕು ಹೆಜ್ಜೆ ಈಚೆ ನಿಂತ್ರೆ ಪೂರ್ತಿ ಕ್ಲಿಯರ್ ಅಂತೆ. ಪಿಟಿಟಿ ಬಿಟ್ಟ ತಕ್ಷಣ ಅರ್ಧ ಸೆಕೆಂಡ್ ರಿಪೀಟರ್ ಸದ್ದಿಲ್ಲದೆ ಎದ್ದಿರುತ್ತೆ, ಆಮೇಲೆ "ಕ್ರಕ್" ಅಂತ ಬೀಳುತ್ತೆ. ಆ ಕ್ರಕ್ ಕೇಳಿದ್ರೆ ನೀವು ಅದನ್ನ ಮುಟ್ಟಿದೀರಿ ಅಂತಲೇ ಅರ್ಥ. ಒಂಬತ್ತನೇ ದಿನ ಬೆಳಗ್ಗೆ ನಂಗೆ ಅದು ಕೇಳಿಸ್ತು, ಅದರ ಹಿಂದೇನೇ "ಗುಡ್ ಮಾರ್ನಿಂಗ್, ಹೊಸ ಸ್ಟೇಷನ್, ಇನ್ನೊಂದ್ಸಲ ಕಾಲ್‌ಸೈನ್ ಹೇಳಿ" ಅಂತ ಒಬ್ರು ಬಂದ್ರು.