ಬಿ. ಜಯಶ್ರೀ: ದನಿಯ ಎಳೆ ಹಿಡಿದು ಓದಿದರೆ

ರಂಗನಟಿ, ನಿರ್ದೇಶಕಿ ಬಿ. ಜಯಶ್ರೀ ಅವರ ಕುರಿತ ಪಾಠದ ಇಸವಿಗಳನ್ನೆಲ್ಲ ನಾನು ಮೊದಲು ಸುಮ್ನೆ ಉರು ಹೊಡೆದೆ. ಮಾರನೇ ದಿನ ಅರ್ಧ ಮರೆತಿತ್ತು. ಆಮೇಲೆ ಒಂದೇ ಎಳೆ ಹಿಡಿದೆ: ಅವರ ದನಿ.

ಜಯಶ್ರೀ ಹುಟ್ಟಿದ್ದು 1950ರಲ್ಲಿ. ಗುಬ್ಬಿ ನಾಟಕ ಕಂಪನಿ ನಡೆಸಿದ ಗುಬ್ಬಿ ವೀರಣ್ಣನವರ ಮೊಮ್ಮಗಳು. ತಾಯಿ ಜಿ.ವಿ. ಮಾಲತಮ್ಮ ಕೂಡ ನಟಿ. ಚಿಕ್ಕಂದಿನಲ್ಲೇ ಕಂಪನಿ ನಾಟಕದಲ್ಲಿ ಬಣ್ಣ ಹಚ್ಚಿದರು. ಕಂಪನಿ ನಟರು ಮಾತಾಡಿದರೆ ಸಾಲದು, ಹಾಡಲೂ ಬೇಕು. ಅದೂ ಹಾರ್ಮೋನಿಯಂ ಶ್ರುತಿಗೆ, ಕೊನೇ ಸಾಲಿನಲ್ಲಿ ಕೂತವರಿಗೂ ಕೇಳುವ ಹಾಗೆ.

ಆಮೇಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ. ಇಬ್ರಾಹಿಂ ಅಲ್ಕಾಜಿ ಅವರ ಕೈಕೆಳಗೆ ಕಲಿತು 1973ರಲ್ಲಿ ಹೊರಬಂದರು. ‘ಅಲ್ಲಿ ಕಲಿತು ನಟಿಯಾದರು’ ಅಂತ ಮಾತ್ರ ಬರೆಯಬೇಡಿ. ನಟಿಯಾಗಿಯೇ ಹೋದವರು ಅವರು! ಶಾಲೆಯಲ್ಲಿ ಸಿಕ್ಕಿದ್ದು ಬೇರೆ: ನಾಟಕವನ್ನು ಬಿಡಿಸಿ ಓದುವ ಕ್ರಮ, ಮೈ ಪಳಗಿಸುವ ಶಿಸ್ತು, ಬೆಳಕು ರಂಗಸಜ್ಜಿಕೆ ಎಲ್ಲ ಸೇರಿಸಿ ನೋಡುವ ಕಣ್ಣು. 1976ರಲ್ಲಿ ‘ಸ್ಪಂದನ’ ತಂಡ ಕಟ್ಟಿ ‘ಲಕ್ಷಾಪತಿ ರಾಜನ ಕಥೆ’, ‘ಕರಿಮಾಯಿ’ ಆಡಿಸಿದಾಗ ಎರಡೂ ಕಲಿಕೆ ಒಟ್ಟಿಗೆ ಕೆಲಸಕ್ಕೆ ಬಂದವು.

ನಮ್ಮ ಮೈಸೂರಿನ ಜೊತೆ ಅವರ ನಂಟು ಅಂದರೆ ರಂಗಾಯಣ ಎಂಬ ನಾಟಕ ಸಂಸ್ಥೆ. 1989ರಲ್ಲಿ ಅದನ್ನು ಕಟ್ಟಿದ ಬಿ.ವಿ. ಕಾರಂತರೂ ಗುಬ್ಬಿ ಕಂಪನಿಯಿಂದ ನಾಟಕ ಶಾಲೆಗೆ ಹೋದವರೇ. ಅದೇ ರಂಗಾಯಣಕ್ಕೆ ಮುಂದೆ ಜಯಶ್ರೀ ನಿರ್ದೇಶಕಿಯಾದರು. ರಂಗಾಯಣ ಇರುವ ಕಲಾಮಂದಿರದ ಆವರಣಕ್ಕೆ ಹೋದಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಪ್ರಶಸ್ತಿಗಳನ್ನು ಒಂದೇ ಉಸಿರಿಗೆ ಹೇಳಿಬಿಡುತ್ತೇನೆ: 1996ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 2013ರ ಪದ್ಮಶ್ರೀ. ನಡುವೆ 2010ರಲ್ಲಿ ರಾಜ್ಯಸಭೆಗೆ ನಾಮನಿರ್ದೇಶನ.

ಇನ್ನು ಸಿನಿಮಾ. ಕ್ಯಾಮೆರಾ ಮುಂದೆ ಕೂಗಿ ಮಾತಾಡುವ ಹಾಗಿಲ್ಲ, ಮೈಕು ಹತ್ತಿರದಲ್ಲೇ ಇರುತ್ತದೆ. ರಂಗದಿಂದ ಬಂದವರು ಜಾಸ್ತಿ ಒದ್ದಾಡುವುದು ಇಲ್ಲೇ. ‘ನಾಗಮಂಡಲ’ದ (1997) ಕುರುಡವ್ವನನ್ನು ನೋಡಿ. ಕಣ್ಣು ಕಾಣದ ಮುದುಕಿಯ ಪಾತ್ರ. ನೋಟದಲ್ಲಿ ಹೇಳುವ ದಾರಿಯೇ ಮುಚ್ಚಿದೆ, ಅಲ್ವಾ? ಆ ಕೆಲಸವನ್ನೂ ದನಿಯೇ ಹೊರಬೇಕು. ಬೇರೆ ನಟಿಯರಿಗೆ ಕಂಠದಾನ ಮಾಡಿದ್ದನ್ನೂ ಇದರ ಜೊತೆಗೇ ಬರೆದುಕೊಳ್ಳಿ.

ಒಂದು ಅಭ್ಯಾಸ ಮಾಡಿ. ‘ನನ್ನ ಪ್ರೀತಿಯ ಹುಡುಗಿ’ಯ ‘ಕಾರ್ ಕಾರ್’ ಹಾಡು ಹಾಕಿ ಮೊಬೈಲ್ ಮಗುಚಿಡಿ. ಹಾಡಿದ್ದು ಇವರೇ. ಹೊಸ ಕಾಲದ ಸಿನಿಮಾ ಹಾಡಿನಲ್ಲಿ ಕಂಪನಿ ನಾಟಕದ ಗಂಟಲು ಕೇಳಿಸುತ್ತದೆ.